ಮನಸ್ಸಿನ ಮಾತ್ರೆ ಶುರು ಮಾಡಿದ ಮೇಲೆ ಕಣ್ಣಿನ ಪಾಪೆ ದೊಡ್ಡದಾಗಿದೆ, ನಿಮಗೂ ಹೀಗೆ ಆಗಿತ್ತಾ?

ಸೇವಂತಿಗೆ, ವಿಜಯಪುರ
ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಬರೆಯಬೇಕೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ನನಗೆ 36 ವರ್ಷ, ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಏಳೆಂಟು ತಿಂಗಳು ಸರಿಯಾಗಿ ನಿದ್ದೆ ಬರಲಿಲ್ಲ. ಊಟ ಸೇರುತ್ತಿರಲಿಲ್ಲ. ಮಕ್ಕಳ ಮುಂದೆ ನಿಂತರೆ ಮಾತೇ ಹೊರಡುತ್ತಿರಲಿಲ್ಲ. ಕೊನೆಗೆ ಮನೋವೈದ್ಯರ ಹತ್ತಿರ ಹೋದೆ. ಎಸ್ಸಿಟಾಲೋಪ್ರಾಮ್ ಬರೆದುಕೊಟ್ಟರು. ಮೊದಲ ವಾರ 5 ಮಿಲಿಗ್ರಾಂ, ಆಮೇಲೆ 10. ಈಗ ನಾಲ್ಕನೇ ವಾರ. ಮನಸ್ಸು ಸ್ವಲ್ಪ ಸ್ವಲ್ಪ ತಿಳಿಯಾಗುತ್ತಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಹೋದ ಭಾನುವಾರ ಹುಬ್ಬು ತೆಗೆಸಲು ಪಾರ್ಲರ್‌ಗೆ ಹೋಗಿದ್ದೆ. ಲೈಟಿನ ಕೆಳಗೆ ನನ್ನ ಮುಖ ನೋಡಿದ ಹುಡುಗಿ, "ಅಕ್ಕಾ, ನಿಮ್ಮ ಕಣ್ಣು ಪೂರಾ ಕಪ್ಪಗ ಕಾಣ್ತಾವಲ್ರಿ, ಯಾಕ?" ಎಂದಳು. ಮನೆಗೆ ಬಂದು ಕನ್ನಡಿಯಲ್ಲಿ ನೋಡಿದೆ. ನಿಜ. ಎರಡೂ ಪಾಪೆ ದೊಡ್ಡದಾಗಿವೆ. ಸುತ್ತಲಿನ ಕಂದು ಬಣ್ಣ ಸಣ್ಣ ಬಳೆಯಷ್ಟೇ ಉಳಿದಿದೆ.

ಆಗ ಹಿಂದಿನದೆಲ್ಲ ನೆನಪಾಯಿತು. ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳನ್ನು ಸಾಲು ನಿಲ್ಲಿಸುವಾಗ ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ನೋಟ್‌ಬುಕ್ ತಿದ್ದುವಾಗ ಅಕ್ಷರ ಮಸುಕಾಗುತ್ತದೆ. ಹತ್ತು ದಿನದ ಹಿಂದೆ ಚಸ್ಮಾ ಅಂಗಡಿಗೆ ಹೋಗಿ ಹತ್ತಿರ ಓದುವುದಕ್ಕೆ ಹೊಸ ಕನ್ನಡಕವನ್ನೂ ಮಾಡಿಸಿಕೊಂಡೆ. ಅಲ್ಲಿ, "ಬೇರೆ ಏನಾದರೂ ಮಾತ್ರೆ ತಗೋತೀರಾ?" ಎಂದು ಕೇಳಿದರು. ಇಲ್ಲ ಎಂದೆ. ಪಕ್ಕದಲ್ಲಿ ನಮ್ಮ ಓಣಿಯವರೇ ಇಬ್ಬರು ಕೂತಿದ್ದರು. ಹೇಗೆ ಹೇಳಲಿ?

ಮನೋವೈದ್ಯರನ್ನು ಮತ್ತೆ ಕಾಣುವುದು ಇನ್ನೂ ಹನ್ನೆರಡು ದಿನಕ್ಕೆ. ಮಾತ್ರೆ ನಿಲ್ಲಿಸಲಾ? ಕಣ್ಣು ಹೋಗುತ್ತದೆಯಾ? ನಿಜ ಹೇಳುತ್ತೇನೆ, ತುಂಬ ಭಯವಾಗಿದೆ.


ನವನಗರದವ, ಬಾಗಲಕೋಟೆ
ಸೋಮವಾರ, ರಾತ್ರಿ 10:15

ತಂಗಿ, ಮೊದಲು ಒಂದು ಮಾತು. ಇವತ್ತು ರಾತ್ರಿಯ ಮಾತ್ರೆ ಬಿಡಬೇಡ. ನಾನು ಸೆರ್ಟ್ರಾಲಿನ್ ಎಂಬ ಇಂಥದೇ ಮಾತ್ರೆ ತೆಗೆದುಕೊಳ್ಳಲು ಶುರು ಮಾಡಿ ಐದು ವರ್ಷವಾಯಿತು. ಶುರುವಿನಲ್ಲಿ ನನಗೂ ಪಾಪೆ ದೊಡ್ಡದಾಗಿತ್ತು. ನನ್ನದು ತಿರುಗಾಟದ ಕೆಲಸ. ಜಮಖಂಡಿ, ಮುಧೋಳದ ಕಡೆಯಿಂದ ರಾತ್ರಿ ಬೈಕಿನಲ್ಲಿ ಬರುತ್ತೇನೆ. ಕಬ್ಬಿನ ಹಂಗಾಮಿನಲ್ಲಿ ಆ ರಸ್ತೆ ನಿಮಗೆಲ್ಲ ಗೊತ್ತಿರಬೇಕು. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್, ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ. ಎದುರಿನಿಂದ ಲಾರಿ ಬಂದರೆ ಅದರ ಬೆಳಕು ಕಣ್ಣಿನ ತುಂಬ ಹರಡಿ ಮುಂದೆ ಏನೂ ಕಾಣುತ್ತಿರಲಿಲ್ಲ. ಒಂದು ಸಲ ಸ್ವಲ್ಪದರಲ್ಲಿ ಉಳಿದೆ. ವೈದ್ಯರಿಗೆ ಹೇಳಿದಾಗ ಒಂದೂವರೆ ತಿಂಗಳು ರಾತ್ರಿ ಗಾಡಿ ಓಡಿಸಬೇಡಿ ಎಂದರು. ಹಾಗೇ ಮಾಡಿದೆ. ನಿಧಾನಕ್ಕೆ ಕಡಿಮೆಯಾಯಿತು.

ನಿಲ್ಲಿಸುವ ವಿಷಯ ಯಾಕೆ ಹೇಳುತ್ತೇನೆ ಎಂದರೆ, ಎರಡನೇ ವರ್ಷ ನಾನೇ ಒಂದು ದಿನ ಪೂರ್ತಿ ನಿಲ್ಲಿಸಿಬಿಟ್ಟೆ. ಚೆನ್ನಾಗಿದ್ದೀನಲ್ಲ, ಇನ್ಯಾಕೆ ಎಂದುಕೊಂಡೆ. ಮೂರನೇ ದಿನದಿಂದ ಕಣ್ಣು ಆಚೀಚೆ ಹೊರಳಿಸಿದರೆ ಸಾಕು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುತ್ತಿತ್ತು. ತಲೆ ತಿರುಗು, ವಾಕರಿಕೆ, ಸುಮ್ಮಸುಮ್ಮನೆ ಸಿಟ್ಟು. ಮಾತ್ರೆ ಒಮ್ಮೆಲೇ ನಿಂತದ್ದಕ್ಕೆ ಹೀಗಾಗಿದೆ ಎಂದು ವೈದ್ಯರು ಹೇಳಿ, ಮತ್ತೆ ಶುರು ಮಾಡಿಸಿದರು. ಬಿಡುವುದಾದರೆ ವಾರಗಟ್ಟಲೆ ಮೆಲ್ಲಗೆ ಇಳಿಸಿ ಬಿಡಬೇಕು, ಅದೂ ಅವರು ಹೇಳಿದ ಹಾಗೆ.


ಕಣ್ಣಿನ ಚಾಕರಿ, ಬೆಳಗಾವಿ
ಸೋಮವಾರ, ರಾತ್ರಿ 11:05

ನಾನು ಕಣ್ಣಿನ ಆಸ್ಪತ್ರೆಯಲ್ಲಿ ಆಪ್ಟೊಮೆಟ್ರಿಸ್ಟ್, ಎಂದರೆ ಕಣ್ಣು ಪರೀಕ್ಷೆ ಮಾಡಿ ನಂಬರ್ ನೋಡುವವ. ಡಾಕ್ಟರ್ ಅಲ್ಲ. ನೋಡಿ ಬಲ್ಲ ಮಾತನ್ನು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಅಕ್ಕಾ, ಮೊದಲು ಈ ನಾಲ್ಕು ಪ್ರಶ್ನೆಗೆ ಉತ್ತರ ಕೊಡಿ. ಕಣ್ಣಿನಲ್ಲಿ ನೋವು ಇದೆಯಾ? ಕೆಂಪಾಗಿದೆಯಾ? ಬಲ್ಬಿನ ಸುತ್ತ ಕಾಮನಬಿಲ್ಲಿನ ಹಾಗೆ ಬಣ್ಣದ ಬಳೆ ಕಾಣುತ್ತದೆಯಾ? ತಲೆನೋವಿನ ಜೊತೆ ವಾಂತಿ ಆಗಿದೆಯಾ? ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ಇದನ್ನು ಓದುತ್ತಾ ಕೂರಬೇಡಿ. ಈಗಲೇ ಕಣ್ಣಿನ ವೈದ್ಯರಿರುವ ಆಸ್ಪತ್ರೆಗೆ ಹೋಗಿ. ನಾಲ್ಕಕ್ಕೂ ಇಲ್ಲ ಎಂದಾದರೆ ನಾಳೆ, ನಾಡಿದ್ದು ಹೋದರೆ ಆಗುತ್ತದೆ. ಆದರೆ ಹೋಗಲೇಬೇಕು. ಹನ್ನೆರಡು ದಿನ ಕಾಯಬೇಡಿ.

ಈಗ ಯಾಕೆ ಹೀಗಾಗುತ್ತದೆ ಎಂದು. ಪಾಪೆ ಎಂದರೆ ಬೆಳಕು ಒಳಗೆ ಹೋಗುವ ತೂತು. ಒಳ್ಳೆ ಬೆಳಕಿನಲ್ಲಿ ಅದು ಸುಮಾರು 2ರಿಂದ 4 ಮಿಲಿಮೀಟರ್ ಇರುತ್ತದೆ, ಕತ್ತಲಲ್ಲಿ 4ರಿಂದ 8ರವರೆಗೆ ಅಗಲವಾಗುತ್ತದೆ. ಅದನ್ನು ಸಣ್ಣದು ಮಾಡುವ ಸ್ನಾಯು ಬೇರೆ, ಅಗಲ ಮಾಡುವ ಸ್ನಾಯು ಬೇರೆ. ಮನಸ್ಸಿನ ಮಾತ್ರೆಗಳು ಯಾವ ರಾಸಾಯನಿಕಗಳ ಮೇಲೆ ಕೆಲಸ ಮಾಡುತ್ತವೋ, ಈ ಸ್ನಾಯುಗಳಿಗೂ ಅವುಗಳ ನಂಟು ಇದೆ. ಅದಕ್ಕೇ ಪಾಪೆ ಹಿಗ್ಗುತ್ತದೆ. ಎಸ್ಸಿಟಾಲೋಪ್ರಾಮ್, ಸೆರ್ಟ್ರಾಲಿನ್‌ಗಳಲ್ಲಿ ಇದು ಸಾಮಾನ್ಯವಾಗಿ ಸ್ವಲ್ಪ. ಅಮಿಟ್ರಿಪ್ಟಿಲಿನ್, ಇಮಿಪ್ರಮಿನ್‌ನಂಥ ಹಳೆಯ ಮಾತ್ರೆಗಳಲ್ಲಿ ಜಾಸ್ತಿ. ಬಾಯಿ ಒಣಗುವುದು, ಮಲಬದ್ಧತೆ, ಹತ್ತಿರದ ಅಕ್ಷರ ಮಸುಕಾಗುವುದು, ಇವೆಲ್ಲಕ್ಕೂ ಆ ಮಾತ್ರೆಗಳಲ್ಲಿ ಬೇರು ಒಂದೇ. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಅವು ತಡೆಯುತ್ತವೆ.

ಪಾಪೆ ದೊಡ್ಡದಾದರೆ ಹೆಚ್ಚಿನವರಿಗೆ ಬಿಸಿಲು ಚುಚ್ಚುತ್ತದೆ, ಅಷ್ಟೇ. ಕಣ್ಣು ಹಾಳಾಗುವುದಿಲ್ಲ. ಆದರೆ ಕೆಲವರ ಕಣ್ಣಿನ ರಚನೆಯೇ ಬೇರೆ. ಆಲಮಟ್ಟಿ ನೋಡಿದ್ದೀರಲ್ಲ? ಮೇಲಿನಿಂದ ಕೃಷ್ಣೆ ಬರುತ್ತಲೇ ಇರುತ್ತಾಳೆ. 26 ಗೇಟುಗಳಲ್ಲಿ ಬಿಡಬೇಕಾದಷ್ಟು ಬಿಟ್ಟರೆ ನೀರು ಮಟ್ಟದಲ್ಲಿ ಇರುತ್ತದೆ. ಕಣ್ಣಿನೊಳಗೂ ನೀರಿನಂಥ ದ್ರವ ದಿನವಿಡೀ ಹುಟ್ಟುತ್ತದೆ, ಕರಿಗುಡ್ಡೆಯ ಅಂಚಿನ ಒಂದು ಮೂಲೆಯಿಂದ ಹೊರಗೆ ಹೋಗುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಆ ಮೂಲೆ ಇಕ್ಕಟ್ಟು. ಪಾಪೆ ಅಗಲವಾದಾಗ ಅದರ ಸುತ್ತಲಿನ ಬಣ್ಣದ ಪರದೆ ಮಡಿಕೆಯಾಗಿ ಆ ಮೂಲೆಗೆ ಒತ್ತಿಕೊಳ್ಳುತ್ತದೆ. ಎಲ್ಲಾ ಗೇಟು ಒಮ್ಮೆಲೇ ಮುಚ್ಚಿದ ಹಾಗೆ. ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟು ಇರುವ ಕಣ್ಣೊಳಗಿನ ಒತ್ತಡ ಕೆಲವೇ ತಾಸಿನಲ್ಲಿ 50 ದಾಟಬಹುದು. ಆಗ ನರಕ್ಕೆ ಪೆಟ್ಟು ಬೀಳುತ್ತದೆ. ಇದು ಗ್ಲಾಕೋಮಾದ ಒಂದು ಬಗೆ.

ಈ ಇಕ್ಕಟ್ಟು ಜಾಸ್ತಿ ಕಾಣುವುದು 40 ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ದೂರ ನೋಡುವುದಕ್ಕೂ ಪ್ಲಸ್ ನಂಬರ್ ಇರುವವರಲ್ಲಿ, ಮನೆಯಲ್ಲಿ ಯಾರಿಗಾದರೂ ಇದೇ ತೊಂದರೆ ಆಗಿದ್ದವರಲ್ಲಿ. ಮೂಲೆ ತೆರೆದಿದೆಯೋ ಇಲ್ಲವೋ ಎಂದು ಮನೆಯಲ್ಲಿ ತಿಳಿಯಲು ಬರುವುದಿಲ್ಲ. ಗೋನಿಯೋಸ್ಕೋಪಿ ಎಂಬ ಪರೀಕ್ಷೆ ಇದೆ. ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಕನ್ನಡಿ ಇರುವ ಸಣ್ಣ ಲೆನ್ಸ್ ಇಟ್ಟು ನೋಡುತ್ತಾರೆ. ಐದು ನಿಮಿಷದ ಕೆಲಸ. ಆದರೆ ಅಂಗಡಿಯಲ್ಲಿ ನಂಬರ್ ನೋಡುವಾಗ ಇದನ್ನು ಮಾಡುವುದಿಲ್ಲ. ನೀವು ಮಾತ್ರೆಯ ಹೆಸರು ಹೇಳಿದರೇ ವೈದ್ಯರಿಗೂ ಅದು ಹೊಳೆಯುವುದು.


ಸೇವಂತಿಗೆ, ವಿಜಯಪುರ
ಸೋಮವಾರ, ರಾತ್ರಿ 11:20

ನಾಲ್ಕಕ್ಕೂ ಇಲ್ಲ ಅಣ್ಣಾ. ನೋವಿಲ್ಲ, ಕೆಂಪಿಲ್ಲ. ಈಗ ಉಸಿರು ಬಂತು. ಮಾತ್ರೆ ತೆಗೆದುಕೊಂಡೆ.


ಓದುಗ 1
ಮಂಗಳವಾರ, ಬೆಳಿಗ್ಗೆ 6:50

ನನ್ನ ಅನುಭವದಲ್ಲಿ ಈ ಇಂಗ್ಲಿಷ್ ಮಾತ್ರೆಗಳೇ ಬೇಡ. ಬೆಳಿಗ್ಗೆ ಪ್ರಾಣಾಯಾಮ ಮಾಡಿ. ಕಣ್ಣಿಗೆ ಎರಡು ಹನಿ ಜೇನುತುಪ್ಪ ಬಿಡಿ, ಎಲ್ಲ ತೊಳೆದು ಹೋಗುತ್ತದೆ.


ಕಣ್ಣಿನ ಚಾಕರಿ, ಬೆಳಗಾವಿ
ಮಂಗಳವಾರ, ಬೆಳಿಗ್ಗೆ 7:30

ಪ್ರಾಣಾಯಾಮ ಮಾಡಲಿ, ಒಳ್ಳೆಯದೇ. ಜೇನುತುಪ್ಪ, ಹರಳೆಣ್ಣೆ, ಎದೆಹಾಲು ಯಾವುದನ್ನೂ ದಯವಿಟ್ಟು ಕಣ್ಣಿಗೆ ಹಾಕಬೇಡಿ. ಅಡುಗೆಮನೆಯ ಜೇನು ಶುದ್ಧವಾಗಿ ಕಂಡರೂ ಅದರಲ್ಲಿ ಕೀಟಾಣು ಇರಬಹುದು. ಕರಿಗುಡ್ಡೆಯ ಮೇಲೆ ಹುಣ್ಣಾಗಿ ಬಂದವರನ್ನು ನಾನು ಕೈಯಾರೆ ಪರೀಕ್ಷೆ ಮಾಡಿದ್ದೇನೆ. ಬಿಳಿ ಕಲೆ ಉಳಿದರೆ ಜೀವನಪೂರ್ತಿ ಮಸುಕು.


ಗುಳೇದಗುಡ್ಡದ ಖಣ
ಮಂಗಳವಾರ, ಮಧ್ಯಾಹ್ನ 2:10

ನಮ್ಮವ್ವನ ಕಥೆ ಹೇಳುತ್ತೇನೆ. ನಮ್ಮದು ನೇಕಾರರ ಮನೆ. ಅವ್ವನಿಗೆ 58. ಹದಿಮೂರನೇ ವಯಸ್ಸಿನಿಂದ ಮಗ್ಗದ ಮುಂದೆ ಕೂತವಳು. ಖಣ ನೇಯುವುದು ಎಂದರೆ ಕಣ್ಣಿನ ಕೆಲಸ. ರೇಷ್ಮೆ ಎಳೆ ಒಂದು ಕಡಿದರೆ ಹುಡುಕಿ ಗಂಟು ಹಾಕಬೇಕು. ಒಂದು ಎಳೆ ತಪ್ಪಿದರೂ ಹೂವಿನ ಆಕಾರ ಕೆಡುತ್ತದೆ.

ಎರಡು ವರ್ಷದ ಹಿಂದೆ ಅವ್ವನಿಗೆ ತಲೆನೋವು, ನಿದ್ದೆ ಇಲ್ಲದ್ದು ಎರಡೂ ಸೇರಿ ಅಮಿಟ್ರಿಪ್ಟಿಲಿನ್ ಕೊಟ್ಟರು. ಅದು ಮನಸ್ಸಿನ ಕಾಯಿಲೆಗೂ ಕೊಡುವ ಮಾತ್ರೆ ಎಂದು ನಮಗೆ ಗೊತ್ತಿರಲಿಲ್ಲ. ನಿದ್ದೆ ಚೆನ್ನಾಗಿ ಬಂತು. ಹದಿನೈದು ದಿನಕ್ಕೆ, "ಎಳಿ ಕಾಣವಲ್ದು ಮಗಳ, ಎಲ್ಲಾ ಕೂಡಿದಂಗ ಕಾಣ್ತದ" ಎಂದಳು. ವಯಸ್ಸಾಯಿತು ಅವ್ವ, ಚಸ್ಮಾ ಬದಲಾಯಿಸೋಣ ಎಂದೆ ನಾನು. ಹಾಗೇ ದಿನ ಹೋಯಿತು.

ಒಂದು ಸಂಜೆ ಕರೆಂಟ್ ಇರಲಿಲ್ಲ. ಕತ್ತಲಲ್ಲಿ ಎರಡು ತಾಸು ಕೂತಿದ್ದೆವು. ಕರೆಂಟ್ ಬಂದಾಗ ಬಲ್ಬಿನ ಸುತ್ತ ಬಣ್ಣದ ಬಳೆ ಕಾಣುತ್ತಿದೆ ಎಂದಳು ಅವ್ವ. ಅರ್ಧ ತಾಸಿಗೆ ಎಡಗಣ್ಣಿನಿಂದ ತಲೆಯವರೆಗೂ ಸಿಡಿತ. ಆಮೇಲೆ ವಾಂತಿ. ಒಂದಲ್ಲ, ನಾಲ್ಕು ಸಲ. ನಾವು ಪಿತ್ತ ಎಂದುಕೊಂಡೆವು. ಲಿಂಬೆ ಶರಬತ್ತು ಮಾಡಿಕೊಟ್ಟೆ. ಹತ್ತಿರದ ಒಂದು ದವಾಖಾನೆಯಲ್ಲಿ ವಾಂತಿಗೆ ಇಂಜೆಕ್ಷನ್ ಹಾಕಿ ಕಳಿಸಿದರು. ಕಣ್ಣನ್ನು ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ. ಬೆಳಗಾಗುವಷ್ಟರಲ್ಲಿ ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು, ಕರಿಗುಡ್ಡೆಯ ಮೇಲೆ ಹೊಗೆ ಕವಿದ ಹಾಗಿತ್ತು, ಅವ್ವನಿಗೆ ನನ್ನ ಕೈಬೆರಳು ಎಣಿಸಲು ಆಗಲಿಲ್ಲ.

ಗಾಡಿ ಮಾಡಿಕೊಂಡು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಒತ್ತಡ 56 ಇತ್ತು. ಸಲೈನ್, ಮಾತ್ರೆ, ಹನಿ ಎಲ್ಲ ಕೊಟ್ಟು ಇಳಿಸಿದರು. ಆಮೇಲೆ ಲೇಸರ್‌ನಿಂದ ಬಣ್ಣದ ಪರದೆಯ ಅಂಚಿನಲ್ಲಿ ಸಣ್ಣ ತೂತು ಮಾಡಿದರು. ಬಲಗಣ್ಣಿಗೂ ಮಾಡಿದರು. ಅದಕ್ಕೂ ಇಂಥದೇ ರಚನೆ, ಮುಂದೆ ಆಗಬಾರದು ಎಂದು. ಯಾವ ಮಾತ್ರೆ ತಗೋತಾರೆ ಎಂದು ಕೇಳಿದಾಗ ಚೀಟಿ ತೋರಿಸಿದೆ. ಡಾಕ್ಟರ್ ಚೀಟಿ ನೋಡಿ, ಆಮೇಲೆ ನನ್ನನ್ನು ನೋಡಿ, "ಮೊದಲು ಬಂದಿದ್ದರೆ ಲೇಸರ್ ಮಾಡಿಬಿಡುತ್ತಿದ್ದೆವಮ್ಮ, ಇಷ್ಟಾಗುತ್ತಿರಲಿಲ್ಲ" ಎಂದರು.

ಆ ಹದಿನೈದನೇ ದಿನ ಅವ್ವ ಎಳೆ ಕಾಣುವುದಿಲ್ಲ ಎಂದಳಲ್ಲ, ಆ ಮಾತು ನನಗೆ ಇನ್ನೂ ಕೇಳಿಸುತ್ತದೆ. ಅಕ್ಕಾ, ನೀವು ನಾಳೆಯೇ ಹೋಗಿ.


ಟಿಕೋಟಾ ದ್ರಾಕ್ಷಿ
ಮಂಗಳವಾರ, ಸಂಜೆ 6:00

ತಾಯಿಯವರ ವಿಷಯ ಓದಿ ಬಹಳ ಸಂಕಟವಾಯಿತು.

ನನ್ನದು ಬೇರೆ ಬಗೆ. ನಾನೂ ಎಸ್ಸಿಟಾಲೋಪ್ರಾಮ್ ತೆಗೆದುಕೊಳ್ಳುತ್ತೇನೆ. ಒಂದೇ ಫರಕು, ನನಗೆ ಬಲಗಣ್ಣಿನ ಪಾಪೆ ಮಾತ್ರ ದೊಡ್ಡದಾಗಿತ್ತು. ಎಡಗಣ್ಣು ಸರಿಯಿತ್ತು. ಮಾತ್ರೆಯದೇ ತೊಂದರೆ ಎಂದು ಡಾಕ್ಟರ್ ಹತ್ತಿರ ಓಡಿದೆ. ಅವರು, "ಮಾತ್ರೆ ಹೊಟ್ಟೆಗೆ ಹೋಗಿ ರಕ್ತದಲ್ಲಿ ಸೇರುತ್ತದೆ, ಎರಡೂ ಕಣ್ಣಿಗೆ ಒಂದೇ ರೀತಿ ಆಗಬೇಕು. ಒಂದಕ್ಕೇ ಆಗಿದೆ ಎಂದರೆ ಬೇರೆ ಕಾರಣ ಹುಡುಕಬೇಕು" ಎಂದರು. ತಲೆಗೆ ಪೆಟ್ಟಾಗಿದೆಯಾ, ರೆಪ್ಪೆ ಜೋತಿದೆಯಾ, ಎರಡೆರಡು ಕಾಣುತ್ತದೆಯಾ ಎಂದೆಲ್ಲ ಕೇಳಿದರು. ಹಾಗಿದ್ದರೆ ತಲೆಯೊಳಗಿನ ತೊಂದರೆ ಇರಬಹುದು, ಒಂದು ತಾಸೂ ತಡ ಮಾಡಬಾರದಂತೆ. ನನಗೆ ಅವು ಯಾವುವೂ ಇರಲಿಲ್ಲ. ಕೊನೆಗೆ, ನಿನ್ನೆ ಏನು ಕೆಲಸ ಮಾಡಿದೆ ಎಂದರು. ತೋಟದ ಬದುವಿನಲ್ಲಿ ಕಸ ಕಿತ್ತಿದ್ದೆ. ಅದರಲ್ಲಿ ಮದಗುಣಿಕೆ ಇತ್ತು, ದತ್ತೂರಿ ಅಂತಾರಲ್ಲ, ಅದೇ. ಅದರ ರಸ ಹತ್ತಿದ ಕೈಯಲ್ಲೇ ಬಲಗಣ್ಣು ಉಜ್ಜಿಕೊಂಡಿದ್ದೆ. ಆ ಗಿಡದಲ್ಲಿ ಪಾಪೆ ಹಿಗ್ಗಿಸುವ ಅಟ್ರೋಪಿನ್ ಇರುತ್ತದೆ. ಕೆಲವು ದಿನಕ್ಕೆ ತಾನೇ ಸರಿಯಾಯಿತು.

ರೈತರಿಗೆ ಇನ್ನೊಂದು ಮಾತು. ಕೆಲವು ಕೀಟನಾಶಕಗಳ ವಿಷ ಏರಿದರೆ ಇದಕ್ಕೆ ಉಲ್ಟಾ ಆಗುತ್ತದೆ, ಪಾಪೆ ಸಾಸಿವೆ ಕಾಳಿನಷ್ಟು ಸಣ್ಣದಾಗುತ್ತದೆ, ಜೊಲ್ಲು, ಬೆವರು ಸುರಿಯುತ್ತದೆ. ಔಷಧಿ ಹೊಡೆಯುವವರ ಕಣ್ಣನ್ನೂ ಆಗಾಗ ನೋಡಿ.


ಔಷಧಿ ಅಂಗಡಿ, ಇಳಕಲ್ಲ
ಮಂಗಳವಾರ, ರಾತ್ರಿ 9:30

ಸೇವಂತಿಗೆ ಅಕ್ಕ, ಈ ನಾಲ್ಕು ವಾರದಲ್ಲಿ ಎಸ್ಸಿಟಾಲೋಪ್ರಾಮ್ ಬಿಟ್ಟು ಬೇರೆ ಏನಾದರೂ ತೆಗೆದುಕೊಂಡಿರಾ? ನೆಗಡಿ, ಕೆಮ್ಮು, ಹೊಟ್ಟೆನೋವು, ಮೈಕೈ ನೋವು, ಯಾವುದಕ್ಕಾದರೂ?


ಸೇವಂತಿಗೆ, ವಿಜಯಪುರ
ಮಂಗಳವಾರ, ರಾತ್ರಿ 9:52

ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ನೆಗಡಿ, ನನಗೂ ಬಂತು. ಅಂಗಡಿಯಲ್ಲಿ ಕೇಳಿ ತೆಗೆದುಕೊಂಡೆ. ದಿನಕ್ಕೆ ಎರಡರಂತೆ ಹತ್ತು ಹನ್ನೊಂದು ದಿನವಾಯಿತು. ಅದು ಸಾದಾ ನೆಗಡಿ ಮಾತ್ರೆ, ಅದನ್ನೂ ಹೇಳಬೇಕು ಎಂದು ನನಗೆ ಅನಿಸಿಯೇ ಇರಲಿಲ್ಲ. ಈಗ ಪೊಟ್ಟಣ ನೋಡಿದೆ: ಪ್ಯಾರಾಸಿಟಮಾಲ್, ಕ್ಲೋರ್‌ಫೆನಿರಮಿನ್, ಫಿನೈಲ್‌ಎಫ್ರಿನ್.


ಔಷಧಿ ಅಂಗಡಿ, ಇಳಕಲ್ಲ
ಮಂಗಳವಾರ, ರಾತ್ರಿ 10:05

ನಾನು ಅಂದುಕೊಂಡದ್ದು ಅದನ್ನೇ. ಕ್ಲೋರ್‌ಫೆನಿರಮಿನ್ ಕೂಡ ಅಸಿಟೈಲ್‌ಕೋಲಿನ್ ತಡೆಯುತ್ತದೆ. ಫಿನೈಲ್‌ಎಫ್ರಿನ್ ಇದೆಯಲ್ಲ, ಕಣ್ಣಿನ ಆಸ್ಪತ್ರೆಯಲ್ಲಿ ಪಾಪೆ ಅಗಲ ಮಾಡಲು ಹಾಕುವ ಹನಿಯಲ್ಲಿ ಅದೇ ಔಷಧ ಇರುತ್ತದೆ. ಎಸ್ಸಿಟಾಲೋಪ್ರಾಮ್ ಜೊತೆ ಇವೆರಡು, ಹೀಗೆ ಒಂದರ ಮೇಲೆ ಒಂದು ಮೂರು ಸೇರಿವೆ. ನೆಗಡಿ ಮಾತ್ರೆ ಇವತ್ತೇ ಬಿಡಿ, ಬಿಸಿನೀರಿನ ಹಬೆ ತೆಗೆದುಕೊಳ್ಳಿ. ಎಸ್ಸಿಟಾಲೋಪ್ರಾಮ್ ಬಿಡಬೇಡಿ.

ಇನ್ನೊಂದು. ಟ್ರಾಮಡಾಲ್ ಎಂಬ ನೋವಿನ ಮಾತ್ರೆ, ಡೆಕ್ಸ್ಟ್ರೊಮೆಥಾರ್ಫಾನ್ ಇರುವ ಕೆಮ್ಮಿನ ಸಿರಪ್, ಇವನ್ನು ನಿಮ್ಮ ಮಾತ್ರೆಯ ಜೊತೆ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ನಿಮ್ಮ ಮಾತ್ರೆ ಕೆಲಸ ಮಾಡುವುದು ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ, ಅದು ಅತಿಯಾಗಿ ಏರಿದರೆ ಪಾಪೆ ದೊಡ್ಡದಾಗುವುದರ ಜೊತೆಗೆ ಕೈಕಾಲು ನಡುಗುತ್ತವೆ, ಬೆವರು, ಜ್ವರ, ಚಡಪಡಿಕೆ ಬರುತ್ತವೆ. ಅದು ದವಾಖಾನೆಗೆ ಓಡಬೇಕಾದ ಸ್ಥಿತಿ. ಅಂಗಡಿಗೆ ಬಂದವರು, "ನಾನು ಇಂಥ ಮಾತ್ರೆ ತಗೋತೀನಿ" ಎಂದು ಒಂದು ಮಾತು ಹೇಳಿದರೆ ನಾವೇ ಬೇರೆ ಕೊಡುತ್ತೇವೆ. ಜನ ಇದ್ದರೆ ಹೇಳಲು ಕಷ್ಟ, ಒಪ್ಪುತ್ತೇನೆ. ಒಂದು ಚೀಟಿಯಲ್ಲಿ ಬರೆದು ಕೊಡಿ, ಸಾಕು.


ನವನಗರದವ, ಬಾಗಲಕೋಟೆ
ಮಂಗಳವಾರ, ರಾತ್ರಿ 10:40

ಚೀಟಿಯ ಮಾತು ಬಹಳ ಒಳ್ಳೆಯದು. ನಾನು ಪರ್ಸಿನಲ್ಲಿ ಮಾತ್ರೆಯ ಹೆಸರು, ಪ್ರಮಾಣ, ಶುರು ಮಾಡಿದ ತಾರೀಕು ಬರೆದು ಇಟ್ಟುಕೊಂಡಿದ್ದೇನೆ. ಹಲ್ಲಿನ ಡಾಕ್ಟರ್‌ಗೂ ಅದನ್ನೇ ತೋರಿಸುತ್ತೇನೆ. ಮೊದಲ ಸಲ ತೋರಿಸುವಾಗ ಕೈ ನಡುಗಿತ್ತು. ಅವರು ಬಿಪಿ ಮಾತ್ರೆಯ ಚೀಟಿ ಓದಿದ ಹಾಗೆ ಓದಿ ವಾಪಸ್ ಕೊಟ್ಟರು.

ತಂಗಿ, ನಿನ್ನ ಮನೋವೈದ್ಯರು ತಕ್ಷಣ ಸಿಗದಿದ್ದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಕೂಡ ಇದೆ, ಮನೋವೈದ್ಯರು ಬರುವ ದಿನ ಕೇಳಿಕೊಂಡು ಹೋಗಬೇಕು. ನಮ್ಮ ಕಡೆಯ ಎಷ್ಟೋ ಜನ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗುತ್ತಾರೆ. ಆದರೆ ನಿನಗೆ ಈಗ ಮೊದಲು ಬೇಕಾದದ್ದು ಕಣ್ಣಿನ ಡಾಕ್ಟರ್.


ಓದುಗ 2, ಬೆಳಗಾವಿ
ಬುಧವಾರ, ಬೆಳಿಗ್ಗೆ 8:20

ಇದನ್ನೆಲ್ಲ ಓದಿ ಒಂದು ಪ್ರಶ್ನೆ. ನನಗೆ ಪಾಪೆ ಸರಿ ಇದೆ, ಆದರೆ ಕಣ್ಣು ಮರಳು ಬಿದ್ದ ಹಾಗೆ ಉರಿಯುತ್ತದೆ. ಫ್ಲುಯೋಕ್ಸೆಟಿನ್ ತೆಗೆದುಕೊಳ್ಳುತ್ತೇನೆ. ಇದೂ ಅದೇನಾ?


ಕಣ್ಣಿನ ಚಾಕರಿ, ಬೆಳಗಾವಿ
ಬುಧವಾರ, ಮಧ್ಯಾಹ್ನ 1:15

ಇರಬಹುದು. ಈ ಮಾತ್ರೆಗಳಲ್ಲಿ ಕಣ್ಣು ಒಣಗುವುದು ಉಂಟು. ಫೋನ್ ಜಾಸ್ತಿ ನೋಡಿದರೂ ಒಣಗುತ್ತದೆ, ಯಾಕೆಂದರೆ ರೆಪ್ಪೆ ಬಡಿಯುವುದನ್ನೇ ಮರೆಯುತ್ತೇವೆ. ಕಣ್ಣೀರಿನಂಥ ಹನಿಗಳು ಸಿಗುತ್ತವೆ, ಒಮ್ಮೆ ತೋರಿಸಿ ಬರೆಸಿಕೊಳ್ಳಿ. ಕಣ್ಣು ಕೆಂಪಾಗಿದೆ ಎಂದು ಕೆಂಪು ತೆಗೆಯುವ ಹನಿ ನೀವೇ ಕೊಂಡು ಹಾಕಿಕೊಳ್ಳಬೇಡಿ. ಅವುಗಳಲ್ಲೂ ಕೆಲವು ಪಾಪೆ ಹಿಗ್ಗಿಸುತ್ತವೆ.


ಸೇವಂತಿಗೆ, ವಿಜಯಪುರ
ಮುಂದಿನ ಮಂಗಳವಾರ, ರಾತ್ರಿ 8:30

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಬುಧವಾರವೇ ತಂಗಿಯನ್ನು ಕರೆದುಕೊಂಡು ಕಣ್ಣಿನ ಆಸ್ಪತ್ರೆಗೆ ಹೋದೆ. ತಂಗಿಗೂ ಆ ದಿನವೇ ಹೇಳಿದ್ದು. ಆಟೋದಲ್ಲಿ ಹೇಳಿದೆ. ಅವಳು ಏನೂ ಅನ್ನಲಿಲ್ಲ, ಇಳಿಯುವವರೆಗೂ ನನ್ನ ಕೈ ಹಿಡಿದುಕೊಂಡಿದ್ದಳು.

ಚೀಟಿ ಬರೆದುಕೊಂಡು ಹೋಗಿದ್ದೆ. ಎಸ್ಸಿಟಾಲೋಪ್ರಾಮ್, ನೆಗಡಿ ಮಾತ್ರೆ, ಎರಡೂ ತಾರೀಕಿನ ಸಮೇತ. ಡಾಕ್ಟರ್ ಓದಿದ ಮೇಲೆಯೇ ಪಾಪೆ ಹಿಗ್ಗಿಸುವ ಹನಿ ಈಗ ಬೇಡ, ಮೊದಲು ಮೂಲೆ ನೋಡೋಣ ಎಂದರು. ಆ ಲೆನ್ಸ್ ಇಟ್ಟು ನೋಡಿದರು, ನೋವಾಗಲಿಲ್ಲ. ಎರಡೂ ಕಣ್ಣಿನ ಮೂಲೆ ಚೆನ್ನಾಗಿ ತೆರೆದಿದೆ. ಒತ್ತಡ ಒಂದಕ್ಕೆ 14, ಇನ್ನೊಂದಕ್ಕೆ 15. ನರವೂ ಸರಿ ಇದೆ. ಹೊಸ ಚಸ್ಮಾ ಸದ್ಯಕ್ಕೆ ಬೇಡ, ಒಂದು ತಿಂಗಳು ಬಿಟ್ಟು ನಂಬರ್ ಮತ್ತೆ ನೋಡೋಣ ಎಂದರು.

ಮನೋವೈದ್ಯರಿಗೆ ಫೋನ್‌ನಲ್ಲಿ ಹೇಳಿದೆ. ಪ್ರಮಾಣ ಬದಲಿಸಲಿಲ್ಲ. ನೆಗಡಿ ಮಾತ್ರೆ ಬಿಟ್ಟು ಇವತ್ತಿಗೆ ಒಂದು ವಾರ. ಪಾಪೆ ಪೂರ್ತಿ ಮೊದಲಿನಂತಾಗಿಲ್ಲ, ಆದರೆ ಕಂದು ಬಣ್ಣ ಮತ್ತೆ ಕಾಣುತ್ತಿದೆ. ಅಕ್ಷರವೂ ಸ್ಪಷ್ಟ. ಪ್ರಾರ್ಥನೆಯ ಹೊತ್ತಿಗೆ ಅಗಲ ಅಂಚಿನ ಟೋಪಿ ಹಾಕಿಕೊಳ್ಳುತ್ತೇನೆ.

ಗುಳೇದಗುಡ್ಡದ ತಂಗಿ, ನೀವು ಬರೆದದ್ದನ್ನು ಓದಿಯೇ ನಾನು ಮರುದಿನ ಹೊರಟದ್ದು. ಅವ್ವ ಈಗ ಹೇಗಿದ್ದಾರೆ?


ಗುಳೇದಗುಡ್ಡದ ಖಣ
ಮಂಗಳವಾರ, ರಾತ್ರಿ 9:45

ನಿಮ್ಮ ಸುದ್ದಿ ಓದಿ ಜೀವ ತಣ್ಣಗಾಯಿತು ಅಕ್ಕಾ. ಅವ್ವನಿಗೂ ಓದಿ ಹೇಳಿದೆ.

ಅವ್ವನ ಬಲಗಣ್ಣು ಚೆನ್ನಾಗಿದೆ. ಎಡಗಣ್ಣಿನಲ್ಲಿ ನೇರ ನೋಡಿದ್ದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಆ ಕಡೆ ತಟ್ಟೆ ಇಟ್ಟರೆ ಕೈಯಿಂದ ತಡವಿ ಹುಡುಕುತ್ತಾಳೆ. ಮೂರು ತಿಂಗಳಿಗೊಮ್ಮೆ ಒತ್ತಡ ನೋಡಿಸುತ್ತೇವೆ. ಮಗ್ಗ ಬಿಟ್ಟಿಲ್ಲ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ಕಿಟಕಿಯ ಬೆಳಕು ನೇರ ಬೀಳುವಾಗ ಮಾತ್ರ ಕೂರುತ್ತಾಳೆ. ಕಡಿದ ಎಳೆ ಹುಡುಕಿ ಗಂಟು ಹಾಕುವುದು ಈಗ ನನ್ನ ಕೆಲಸ.